ಎರಡನೇ ಪಾಳಿ

ಹತ್ತು ಗಂಟೆಗೆ ಗೋಣಿ ಬಿಚ್ಚುತ್ತಾರೆ.
ಹಾಸನದ ಕ್ಯೂರಿಂಗ್ ವರ್ಕ್ಸಿನ ಉದ್ದನೆ ಶೆಡ್ಡಿನಲ್ಲಿ
ಹಸಿ ಕಾಫಿಬೀಜ ಜಾರುವ ಸದ್ದು,
ಗಾಜಿನ ಹೆಂಚಿನಿಂದಿಳಿದ ಬಿಸಿಲ ಕೋಲಿನಲ್ಲಿ
ಎದ್ದು ನಿಲ್ಲುವ ದೂಳು.
ನಾನು ಕರಿಬೀಜ ಆಯುವವಳು.
ಹದಿಮೂರು ವರ್ಷ. ಬೆರಳಿಗೇ ಕಣ್ಣು ಬಂದಿವೆ.

ಹತ್ತೂಕಾಲಿಗೆ ಎದೆ ಬಿಗಿ,
ಒಳಗೆಲ್ಲೋ ಬೆಕ್ಕಿನ ಮರಿ ಕುಂಯ್ ಅಂದಂತೆ.
ಹನ್ನೊಂದೂವರೆಗೆ ತಾನೇ ಬಿಟ್ಟುಹೋಗುತ್ತಿತ್ತು.
ಹೋಯಿತಲ್ಲ ಅಂತ ಬುತ್ತಿ ಬಿಚ್ಚುತ್ತಿದ್ದೆ.
ಹೋಗಿರಲಿಲ್ಲ, ಊಟಕ್ಕೆದ್ದಿತ್ತು ಅಷ್ಟೆ.
ಸಂಜೆ ಆರಕ್ಕೆ, ದೂಳಿಲ್ಲದ ಮನೆಯಲ್ಲಿ,
ಮುದ್ದೆ ತಿರುವುವಾಗ ಬರುತ್ತಿತ್ತು ಎರಡನೇ ಪಾಳಿ,
ಈ ಸಲ ಗುಂಪು ಕಟ್ಟಿಕೊಂಡು.
ಗಂಡ ಒಗ್ಗರಣೆಯನ್ನು ಬೈದ, ಅತ್ತೆ ಮೊಸರನ್ನು.
ಬೆಳಗಿನ ಗೋಣಿ ಯಾರಿಗೂ ನೆನಪಾಗಲಿಲ್ಲ.

ಡಾಕ್ಟರ್ ತಬಸ್ಸುಮ್ ಕೊಳವೆ ಊದಿಸಿ, ಗೆರೆ ನೋಡಿ,
"ಸೌಮ್ಯವಾದ ಆಸ್ತಮಾ" ಎಂದರು.
ರಾತ್ರಿ ಮೂರಕ್ಕೆ ಗೋಡೆಗೊರಗಿ ಕೂತವಳಿಗೆ
ಆ ಮಾತಿಗೆ ನಗು ಬಂತು. ನಕ್ಕಿದ್ದಕ್ಕೆ ಕೆಮ್ಮು.

"ನಿಮ್ಮ ಎದೆಯೊಳಗೂ ಆಯೋರಿದ್ದಾರೆ ಜವರಮ್ಮ.
ಒಳ್ಳೆ ಬೀಜಾನೇ ಕರಿದು ಅಂತ ಹಿಡೀತಾರೆ,
ಕೂಗ್ತಾರೆ. ಕೂಗಿಗೆ ಸಂಜೆ ಹೊತ್ತಿಗೆ
ರಕ್ತದಲ್ಲಿರೋರೆಲ್ಲ ನುಗ್ಗಿ, ಕೊಳವೆ ಊದುತ್ತೆ.
ಈ ಪುಡಿ ಆ ಕೂಗನ್ನ ತಗ್ಗಿಸುತ್ತೆ. ದಿನಾ ಎಳೀಬೇಕು."
ಕ್ಯಾಪ್ಸೂಲ್ ಇಟ್ಟು ತಿರುಗಿಸಿದರು: ಟಕ್.
"ಎಳೀರಿ. ಹತ್ತು ಎಣಿಸಿ. ಬಾಯಿ ಮುಕ್ಕಳಿಸಿ ಉಗೀರಿ."

"ಸ್ಟಿರಾಯ್ಡಾ?" ಫಿಲೋಮಿನಾ ಕೈ ಬೀಜದ ಮೇಲೇ ನಿಂತಿತು.
"ಮೈ ಊದ್ಕೊಳ್ಳುತ್ತೆ ಕಣೆ. ಚಟ ಆಗುತ್ತೆ."
ಮೂರು ದಿನ ಡಬ್ಬಿ ಉಪ್ಪಿನ ಜಾಡಿಯ ಹಿಂದಿತ್ತು.
ನಾಲ್ಕನೇ ರಾತ್ರಿ, ಹೆದರಿಕೆಗಿಂತ ಕೆಮ್ಮು ಜೋರಾಗಿ,
ಹುಡುಕಿ ತೆಗೆದೆ.

ಮೊದಲ ದಿನ ಏನೂ ಇಲ್ಲ. ಮರುದಿನವೂ.
ನಾಲಿಗೆಯ ಬುಡದಲ್ಲಿ ಚೂರೇ ಚೂರು ಸಿಹಿ.
ದುಡ್ಡು ದಂಡ ಅಂದುಕೊಂಡೇ ಎಳೆದೆ.

ಮೂರನೇ ವಾರದೊಂದು ಮಂಗಳವಾರ
ಮುದ್ದೆ ತಿರುವಿದೆ, ಮಗಳ ಭಾಗಾಕಾರ ನೋಡಿದೆ,
ಪಾತ್ರೆ ಬೋರಲು ಹಾಕಿದೆ.
ಹಾಸಿಗೆ ಬಿಡಿಸುವಾಗ ಹೊಳೆಯಿತು:
ಆರು ಗಂಟೆ ಬಂದು ಹೋಗಿದೆ,
ಒಂಟಿಯಾಗಿ.
ಆಗದೇ ಹೋದದ್ದನ್ನು ಯಾರನ್ನೆಬ್ಬಿಸಿ ತೋರಿಸಲಿ?
ಬಚ್ಚಲಿಗೆ ಹೋಗಿ ಇನ್ನೊಮ್ಮೆ ಬಾಯಿ ಮುಕ್ಕಳಿಸಿದೆ.

ಹತ್ತೂಕಾಲಿನದು ಈಗಲೂ ಬರುತ್ತದೆ ಕೆಲವು ದಿನ.
ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿಸಿ
ಸಂಗಡಿಗರನ್ನು ಕರೆದು ನೋಡುತ್ತದೆ.
ನಾನು ಆಯುತ್ತಲೇ ಇರುತ್ತೇನೆ.

ನಿನ್ನೆ ಕೈತೊಳೆಯುವ ನಲ್ಲಿಯ ಹತ್ತಿರ ಫಿಲೋಮಿನಾ,
ಆಚೀಚೆ ನೋಡಿ, ದನಿ ತಗ್ಗಿಸಿ:
"ಆ ಡಬ್ಬಿ ಎಷ್ಟಾಯ್ತೇ?"
ಅವಳ ಮಾತಿನ ತುದಿಯಲ್ಲಿ
ಬೆಕ್ಕಿನ ಮರಿ.