ಎರಡೂವರೆ ನಂಬರು

ಡುಲೂತ್, ಕೋರ್ಟಿನ ಮೂರನೇ ಮಹಡಿ.
ಕಿಟಕಿಯಾಚೆ ಅದಿರಿನ ಹಡಗೊಂದು
ಸೇತುವೆ ಏಳಲೆಂದು ಕೊಂಬೂದಿ ಕಾಯುತ್ತಿದೆ.
ನನ್ನ ಕಂಕುಳಲ್ಲಿ ಹದಿನೇಳು ಕಡತ,
ಒಂದೊಂದಕ್ಕೆ ಹತ್ತು ನಿಮಿಷ.

ವರ್ನಾ ಕೊಸ್ಕೆಲ. ಐವತ್ತೆಂಟು.
ಶಾಲೆಯ ಅಡುಗೆಮನೆಯಲ್ಲಿ ಕೆಲಸ.
ಹಿಂದೆ ಯಾವ ಕೇಸೂ ಇಲ್ಲ,
ಗಾಡಿಯನ್ನು ತಪ್ಪು ಕಡೆ ನಿಲ್ಲಿಸಿದ್ದೂ ಇಲ್ಲ.
ಕದ್ದ ಮಾಲು: ಚಾಳೀಸು ಒಂದು, ಎರಡೂವರೆ ನಂಬರಿನದು,
ಹದಿನಾಲ್ಕು ಡಾಲರು ಚಿಲ್ಲರೆ.

"ಓದಿ" ಎಂದು ಹಾಳೆ ಕೊಟ್ಟೆ.
ತೋಳುದ್ದ ದೂರ ಹಿಡಿದಳು,
ಹತ್ತಿರ ತಂದಳು, ಮತ್ತೆ ದೂರ,
ಟ್ರೊಂಬೋನ್ ನುಡಿಸುವವರ ಹಾಗೆ.
ಆಮೇಲೆ ನನ್ನ ಮುಖ ನೋಡಿದಳು.
ಹೌದಲ್ಲ.
ಅದು ಪೊಲೀಸರ ಲಕೋಟೆಯಲ್ಲಿದೆ,
ಸಾಕ್ಷಿಯಾಗಿ.

ನನ್ನದನ್ನೇ ಬಿಚ್ಚಿ ಕೊಟ್ಟೆ.
ಈಗ ಅಕ್ಷರ ನನಗೂ ಇರುವೆಸಾಲು,
ಬಾಯಿಪಾಠ ಒಪ್ಪಿಸಿದೆ:

ತಪ್ಪೊಪ್ಪಿಕೊಂಡರೆ ಇವತ್ತೇ ಮುಗಿಯಿತು,
ದಂಡ ಕಟ್ಟಿ ಊಟದ ಹೊತ್ತಿಗೆ ಮನೆ.
ನೀವು ಮನೆಗೆ ಹೋಗುತ್ತೀರಿ, ಹೆಸರು ಇಲ್ಲೇ ಉಳಿಯುತ್ತದೆ.
ಶಾಲೆಯವರು ಹುಡುಕುತ್ತಾರೆ,
ಬಾಡಿಗೆ ಕೊಡುವವರು ಹುಡುಕುತ್ತಾರೆ,
ಒಂದು ಗುಂಡಿ ಒತ್ತಿದರೆ ಎದ್ದು ಬರುತ್ತದೆ.

ಇಲ್ಲ, ವಾದಿಸಬಹುದು.
ಕದಿಯುವ ಮನಸ್ಸಿತ್ತೆಂದು ಸರ್ಕಾರ ತೋರಿಸಿಕೊಡಬೇಕು.
ತಲೆ ಮೇಲೆ ಏರಿಸಿಕೊಂಡು
ಮರೆತು ಹೊರಟಿರಿ ಅಂತಿಟ್ಟುಕೊಳ್ಳಿ,
ಯಾರಿಗಾದರೂ ಆಗುವಂಥದ್ದು...

"ಮರೆತಿರಲಿಲ್ಲ" ಎಂದಳು.
"ಬೆಲೆಯ ಚೀಟಿಯನ್ನು ಹಲ್ಲಲ್ಲಿ ಕಡಿದೆ.
ಎಷ್ಟು ಸಣ್ಣ ಅಕ್ಷರ ಅಂತೀರಿ,
ಆ ಬೆಲೆ ಓದೋಕೂ ಅದನ್ನೇ ಹಾಕಿಕೊಳ್ಳಬೇಕಾಯಿತು.
ಚೀಲದಲ್ಲಿ ಇಪ್ಪತ್ತರ ನೋಟಿತ್ತು.
ಅದು ಗುರುವಾರದ ಪೆಟ್ರೋಲಿನದು."

ಜಡ್ಜರ ಎದುರು ಹೀಗನ್ನಬೇಡಿ
ಎನ್ನುವುದು ನನ್ನ ಕಸುಬು. ಎಂದೆ.

ಮೂರನೆಯದೊಂದಿದೆ, ಮೊದಲ ಸಲದವರಿಗೆ ಮಾತ್ರ.
ಕೇಸನ್ನು ಆರು ತಿಂಗಳು ಪಕ್ಕಕ್ಕಿಡುತ್ತಾರೆ.
ಅಂಗಡಿಗೆ ಅದರ ದುಡ್ಡು, ಆಫೀಸಿಗೆ ಶುಲ್ಕ,
ಎರಡು ಶನಿವಾರ ತರಗತಿ,
ಆ ಅಂಗಡಿಯ ಹೊಸ್ತಿಲು ತುಳಿಯುವಂತಿಲ್ಲ.
ಅಷ್ಟೂ ದಿನ ತಂಟೆಯಿಲ್ಲದೆ ಕಳೆದರೆ ಆರೋಪ ವಜಾ.
ದಾಖಲೆ ಅಳಿಸಲು ಬೇರೆ ಅರ್ಜಿ, ಬೇರೆ ಕ್ಯೂ.
ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ,
ಬರೆದಿಟ್ಟುಕೊಳ್ಳಿ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು
ಎಂದವರು ಕಂತಿನ ಲೆಕ್ಕ ಕಂಡಿರಲಿಲ್ಲ.

"ಆ ತರಗತಿಯಲ್ಲಿ ಏನು ಕಲಿಸುತ್ತಾರೆ?"
ಗೊತ್ತಿಲ್ಲ ಎಂದೆ.
ಇಪ್ಪತ್ತು ವರ್ಷದಿಂದ ಜನರನ್ನು ಕಳಿಸುತ್ತಿದ್ದೇನೆ,
ನಿಜಕ್ಕೂ ಗೊತ್ತಿಲ್ಲ.

ಪ್ರತಿ ಸಾಲಿನಡಿ ಬೆರಳಿಟ್ಟು ಓದಿದಳು,
ಹಿಂಬದಿಯ ಸಣ್ಣಕ್ಷರವನ್ನೂ ಬಿಡದೆ.
ಅದನ್ನು ಓದಿದವರನ್ನು ನಾನು ಕಂಡದ್ದು ಇದೇ ಮೊದಲು.
ಸಹಿ ಹಾಕಿದಳು. ಎದ್ದಳು.
ಕೈ ಕುಲುಕಿದಳು, ಅಂಗೈ ಒರಟು, ಬೆಚ್ಚಗೆ.

ಮುಂದಿನ ಕಡತ ಬಿಚ್ಚಿದೆ.
ಹೆಸರು ಹರಿದಾಡುತ್ತಿದೆ, ಹಿಡಿಗೆ ಸಿಗುತ್ತಿಲ್ಲ.
ತಲೆಯೆತ್ತಿದರೆ
ಲಿಫ್ಟಿನೊಳಗೆ ವರ್ನಾ ಕೊಸ್ಕೆಲ,
ನರೆಗೂದಲ ಮೇಲೆ ನನ್ನ ಚಾಳೀಸು.
ಈ ಸಲ ಮರೆತಿದ್ದಳು, ಖಂಡಿತ.
ಬಾಗಿಲು ಮುಚ್ಚಿಕೊಳ್ಳುತ್ತಿತ್ತು.
ಕೂಗಬಹುದಿತ್ತು.

ಹಾಳೆಯನ್ನು ತೋಳುದ್ದ ದೂರ ಹಿಡಿದು
ಹೊರಗೆ ಕಣ್ಣು ಹಾಯಿಸಿದೆ.
ಸೇತುವೆ ಎದ್ದಿತ್ತು,
ಹಡಗು ಅದರಡಿ ನುಸುಳುತ್ತಿತ್ತು,
ಅಷ್ಟು ದೊಡ್ಡದು, ಅಷ್ಟು ಮೆಲ್ಲಗೆ.