ತೂತುಗಳಿಗೆ ಪುಟ್ಟಿ

ಕುಂದಲಹಳ್ಳಿಯ ಐದನೇ ಮಹಡಿ ಖಾಲಿ ಮಾಡಿ
ಶನಿವಾರದೊಳಗೆ ಕೀಲಿಕೈ ಕೊಡಬೇಕು.
ಕುರ್ಚಿಗಳು ಹೋದವು. ಚಹದ ಥರ್ಮಾಸುಗಳನ್ನು
ಸೆಕ್ಯೂರಿಟಿಯವರು ಹಂಚಿಕೊಂಡರು.
ಉಳಿದದ್ದು ಈ ಗೋಡೆ, ಹನ್ನೊಂದು ವರ್ಷ
ಲೋಕದ ನಕ್ಷೆ ತೂಗಿದ್ದು.
ನಕ್ಷೆ ಸುರುಳಿ ಸುತ್ತಿಕೊಂಡು ಚೀನಾಕ್ಕೆ ವಾಪಸಾಯಿತು,
ಪಿನ್ನು ಚುಚ್ಚಿದ ತೂತುಗಳು ನಮ್ಮ ಪಾಲಿಗೆ.

ಮುನಿಯಲ್ಲಪ್ಪ ಪುಟ್ಟಿ ಕಲಸುತ್ತಾ ಕೇಳಿದ:
"ಏನ್ ಮೇಡಂ, ಗೆದ್ಲು ಹತ್ತಿತ್ತಾ?"

ಅಲ್ಲಪ್ಪ, ವ್ಯಾಪಾರ.
ಚುಚ್ಚಿದವಳು ನಾನೇ, ಸ್ಟೂಲು ಹತ್ತಿ;
ಲೂ ಸಾಹೇಬರು ಕೆಳಗಿನಿಂದ ಹೆಸರು ಓದುತ್ತಿದ್ದರು.
ಇದು ಮರಳುಗಾಡು. ಇಲ್ಲಿ ಆರು ತಿಂಗಳು ಹಿಮ.
ಇಲ್ಲಿ, ನಿನ್ನ ಹೆಬ್ಬೆರಳ ಹತ್ತಿರ, ಯುದ್ಧ ನಡೆದಿತ್ತು;
ಬೇರೆ ಕಂಪನಿಯವರು ವಿಮಾನ ಹತ್ತಿದ ದಿನ
ನಮ್ಮವರು ಇಳಿದರು, ಡಬ್ಬ ಹೊತ್ತು.
ದೊಡ್ಡವರು ಮೂಗು ಮುರಿಯುವ ಕಡೆ ಮೊದಲು ಹೋಗು,
ಅರ್ಧ ಬೆಲೆ, ಅದೂ ಸಾಲಕ್ಕೆ,
ಕೆಟ್ಟರೆ ನಡುರಾತ್ರಿ ರಿಪೇರಿ,
ರಾಜಧಾನಿ ಆಮೇಲೆ ತಾನೇ ಬಾಗಿಲು ತೆಗೆಯುತ್ತದೆ.
ಇದನ್ನು ಹೇಳುವಾಗ ಸಾಹೇಬರು
ಕ್ಯಾಂಟೀನ್ ತಟ್ಟೆಯಲ್ಲಿ ಚಟ್ನಿಯ ಒಂದು ಚುಕ್ಕಿ ಇಟ್ಟು
ಸುತ್ತ ಬೆರಳಾಡಿಸುವರು,
ಚುಕ್ಕಿಯನ್ನು ಮುಟ್ಟುತ್ತಿರಲಿಲ್ಲ.

ಕರಣೆ ನಿಲ್ಲಿಸಿ ಆತ ನಕ್ಕ:
"ನಂದೂ ಅದೇಯ. ವರ್ತೂರ್ನಾಗೆ ಮೊದ್ಲು
ಬಚ್ಚಲು ಬಳ್ಯಾಕೆ ಮಾತ್ರ ಕರೀತಿದ್ರು,
ಆಮೇಲೆ ಕೋಳಿಗೂಡು, ಕಾಂಪೌಂಡು.
ದುಡ್ಡು ಯಾವಾಗಾರ ಕೊಡಿ ಅಂತಿದ್ದೆ.
ಹಾಲ್‌ಗೆ ಕಾಲಿಡಾಕೆ ಹದ್ನಾಲ್ಕು ವರ್ಸ ಹಿಡೀತು.
ಕಾಲಿಟ್ಟ ಮೇಲೆ ಒಂದಿನ
ಅವ್ರ ಬಂಗಾರ ಕಾಣಿಸ್ಲಿಲ್ಲ,
ಎಲ್ರೂ ನನ್ ಕಡೆ ನೋಡಿದ್ರು."

ತೆಗೆದಿದ್ದೆಯಾ ಎಂದು ನಾನು ಕೇಳಲಿಲ್ಲ.
ನನ್ನನ್ನೂ ಕೇಳಿದ್ದಾರೆ, ಮದುವೆಮನೆಯಲ್ಲಿ, ಬ್ಯಾಂಕಿನಲ್ಲಿ,
ಆ ಡಬ್ಬಗಳು ಕದ್ದು ಕೇಳುತ್ತವಂತೆ, ಹೌದಾ?
ನನಗೆ ಗೊತ್ತಿದ್ದದ್ದು ಪಿನ್ನುಗಳ ಲೆಕ್ಕ.
ಮಾರಿದ ಕಡೆ ಕೆಂಪು.
ಕೊನೆಯ ಎರಡು ವರ್ಷ
ಸ್ಟೂಲು ಹತ್ತಿದ್ದೆಲ್ಲ ಕೀಳುವುದಕ್ಕೇ.

ಬೆಂಗಳೂರಿಗೆ ಮಾತ್ರ ನೀಲಿ:
ಇಲ್ಲಿ ಕೂತು ಬರೆದ ಕೋಡು
ಯಾವ ಯಾವ ಮರಳಲ್ಲಿ ಉಸಿರಾಡುತ್ತಿದೆಯೋ.
ನನ್ನ ಎದೆಮಟ್ಟಕ್ಕೆ ಬರುತ್ತಿತ್ತು,
ಸ್ಟೂಲು ಬೇಕಿರಲಿಲ್ಲ.

ಖಂಡಗಳು ಒಂದೊಂದಾಗಿ ಸಪಾಟಾದವು.
ಅಷ್ಟರಲ್ಲಿ ಅವನಿಗೆ ಫೋನು, ಮನೆಯಲ್ಲಿ ಗ್ಯಾಸು ಮುಗಿದಿದೆ.
"ಹಲೋ, ಕೇಳ್ತಾ ಐತಾ?" ಕಿಟಕಿಗೆ ನಡೆದ.
ಎದುರು ತಾರಸಿಯಲ್ಲಿ ಟವರು;
ಡಬ್ಬದ ಮೇಲೆ ಯಾರ ಹೆಸರಿದೆಯೋ
ಇಲ್ಲಿಂದ ಕಾಣದು.
"ಹಾಂ, ಈಗ ಕೇಳ್ತು."

ಆತ ತಿರುಗಿ ಬರುವಷ್ಟರಲ್ಲಿ
ಉಳಿದ ಒಂದು ತೂತಿಗೆ ನಾನೇ ಒತ್ತಿದೆ, ಹೆಬ್ಬೆರಳಲ್ಲಿ.
ಉಗುರಿನ ಗುರುತು ಉಳಿಯಿತು.
ಇರಲಿ, ಮಾಲೀಕರು ಬೇಕಾದರೆ
ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಲಿ.