ಬೂದಿ ಹಾಕಬೇಡ

ಮೊದಲು ಬೀಳುವುದು ಕಲಿ, ಅಂದಳು ಸ್ಪಲ್ಜೆಸ್,
ಹನ್ನೊಂದು ವರ್ಷದ ನನ್ನ ಮೇಷ್ಟ್ರು.
ಬಿದ್ದೆ. ಎಡಕ್ಕೆ, ಬಲಕ್ಕೆ,
ಒಮ್ಮೆ ಗೊಂಚಾದ ಉಣ್ಣೆಯಂಚು ತುಳಿದು.
ಜಟ್ಟಿ ಜಾರಿದರೆ ಅದೂ ಒಂದು ಪಟ್ಟು;
ಅಜ್ಜಿ ಜಾರಿದರೆ
ದಡದ ತುಂಬ ಹುಡುಗರು, ಒಂದು ನಾಯಿ.

ಈ ಕೊಳ ನನಗೇನು ಹೊಸದಲ್ಲ.
ನಲವತ್ತು ಚಳಿಗಾಲ ಕೊಡಲಿಯಿಂದ ಇದರ ನೆತ್ತಿ ಒಡೆದು
ನೀರು ಹೊತ್ತಿದ್ದೇನೆ.
ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು,
ಸದ್ದು ಕೇಳಿಯೇ ಹೇಳಬಲ್ಲೆ.
ಬೆಳಗಾದರೆ ಒಲೆಯ ಬೂದಿ ತಂದು
ಹೊಸ್ತಿಲಿಂದ ಇಲ್ಲಿಯವರೆಗೆ ಚೆಲ್ಲುತ್ತಿದ್ದೆ,
ತುಂಬಿದ ಬಸುರಿಯಲ್ಲೂ, ಜಾರದಿರಲೆಂದು.

ಈಗ ಜಾರು ಅನ್ನುತ್ತಾಳೆ.

ಯಾರೋ ಸಿಪಾಯಿ ಬಿಟ್ಟುಹೋದ ಅಲಗಿನ ಬೂಟು,
ಒಳಗೆ ಎರಡು ಜೊತೆ ಕಾಲುಚೀಲ,
ತಳ್ಳಿಕೊಂಡು ಹೋಗಲು ಸೀಮೆಎಣ್ಣೆಯ ಖಾಲಿ ಡಬ್ಬ.
ಮಂಡಿ ಬಗ್ಗಿಸು, ಅಬಿ. ಕಾಲು ನೋಡಬೇಡ.
ಬಾತುಕೋಳಿ ಹಾಗೆ ಪಾದ ತೆರೆದಿಡು.
ಒಂದನ್ನು ಒತ್ತು,
ಇನ್ನೊಂದರ ಮೇಲೆ ಸುಮ್ಮನೆ ಇರು.

ಸುಮ್ಮನೆ ಇರುವುದು!
ಅದೊಂದನ್ನು ಯಾರೂ ಕಲಿಸಿರಲಿಲ್ಲ.

ನಾಲ್ಕನೆಯ ದಿನ, ಬಿಸಿಲು ಸ್ತೋಕ್ ಬೆಟ್ಟ ದಾಟುವ ಮುನ್ನ,
ಡಬ್ಬ ತಾನೇ ಮುಂದೆ ಹೋಯಿತು.
ಕೈ ಬಿಟ್ಟದ್ದು ಅದೋ ನಾನೋ ತಿಳಿಯಲಿಲ್ಲ.
ಮೂರು ಮಾರು. ಇರಲಿ, ನಾಲ್ಕು ಅನ್ನಿ.
ಹೆಜ್ಜೆ ಎತ್ತದೆಯೂ ಹೋಗುತ್ತಿದ್ದೆ
ಕೊಡವಿಲ್ಲದೆ, ಕೆಲಸವಿಲ್ಲದೆ,
ಎಷ್ಟೋ ಸಲ ಒಡೆದ ಅದೇ ಜಾಗದ ಮೇಲೆ,
ಅದು ಏನೂ ನೆನಪಿಲ್ಲದಂತೆ ನುಣ್ಣಗಿತ್ತು.

‘ನಿಲ್ಲುವುದು ಹೇಗೇ?’ ಕೂಗಿದೆ.
‘ಅದು ನಾಳೆಯ ಪಾಠ!’

ನಾಯಿ ಎದ್ದು ದಾರಿ ಬಿಟ್ಟಿತು.